ಸಬ್‌ಮೆರೀನ್ ಮತ್ತು ಸರಕು ಹಡಗು: ಲೆಕ್ಕ ಇರುವುದು ಟ್ರಿಪ್ಪಿನಲ್ಲಿ

ಪ್ರಶ್ನೆ: ಸಬ್‌ಮೆರೀನ್ ಇರುವುದು ಯುದ್ಧನೌಕೆ ಮುಳುಗಿಸುವುದಕ್ಕೆ ಅಂದುಕೊಂಡಿದ್ದೆ. ಆದರೆ ಎರಡೂ ಮಹಾಯುದ್ಧಗಳಲ್ಲಿ ಅವು ಗೋಧಿ, ಎಣ್ಣೆ, ಅದಿರು ಹೊತ್ತ ಹಡಗುಗಳನ್ನೇ ಹೆಚ್ಚಾಗಿ ಬೆನ್ನಟ್ಟಿದವಂತೆ. ಯಾಕೆ? ಅದರಿಂದ ಯುದ್ಧದ ದಿಕ್ಕು ನಿಜಕ್ಕೂ ಬದಲಾಗಿದೆಯೇ? ಹಡಗುಗಳೆಲ್ಲ ಗುಂಪಾಗಿ ಹೊರಟರೆ ಶತ್ರುವಿಗೆ ಒಂದೇ ಕಡೆ ಸಿಕ್ಕಿಬಿದ್ದ ಹಾಗಲ್ಲವೇ? ಕಡಲಿನಿಂದ 350 ಕಿಲೋಮೀಟರ್ ದೂರ ಇರುವ ಬೆಂಗಳೂರಿಗೆ ಇದರಿಂದ ಏನಾದೀತು?
— ಓದುಗರೊಬ್ಬರು, ಬಸವನಗುಡಿ

ಉತ್ತರ:

ಬೆಂಗಳೂರಿನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳೋಣ. ಆದರೆ ಉತ್ತರ ಶುರುವಾಗುವುದು ಮೆಜೆಸ್ಟಿಕ್‌ನ ಬಸ್ ನಿಲ್ದಾಣದಿಂದಲೇ. ದಿನಕ್ಕೆ ಎಂಟು ಟ್ರಿಪ್ ಹೊಡೆಯುವ ಒಂದು ಬಸ್ಸು ಟ್ರಾಫಿಕ್ಕಿಗೆ ಸಿಕ್ಕಿ ಆರೇ ಟ್ರಿಪ್ ಹೊಡೆಯಿತು ಅನ್ನಿ. ಡಿಪೋದಲ್ಲಿ ಎಣಿಸಿದರೆ ಬಸ್ಸುಗಳು ಅಷ್ಟೇ ಇವೆ, ಒಂದೂ ಕೆಟ್ಟಿಲ್ಲ. ಸ್ಟಾಪಿನಲ್ಲಿ ಕಾದು ನಿಂತವರ ಪಾಲಿಗೆ ಮಾತ್ರ ಕಾಲು ಭಾಗ ಬಸ್ಸು ಮಾಯವಾಗಿದೆ. ಸರಕು ಹಡಗಿನ ಬೆಲೆಯೂ ಹೀಗೆಯೇ, ವರ್ಷಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂಬುದರಲ್ಲಿದೆ. ಸಬ್‌ಮೆರೀನ್ ದಾಳಿಯ ಬಗ್ಗೆ ಬರೆಯುವವರು ಮುಳುಗಿದ ಹಡಗುಗಳನ್ನು ಎಣಿಸುತ್ತಾರೆ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ಮುಳುಗದೆಯೂ ಬಂದರಿನಲ್ಲಿ ಕಾದು ನಿಂತ, ಸುತ್ತು ದಾರಿ ಹಿಡಿದ, ನಿಧಾನದ ಜತೆಗಾರರಿಗಾಗಿ ವೇಗ ತಗ್ಗಿಸಿಕೊಂಡ ಹಡಗುಗಳಿಂದ ಹೋದ ದಿನಗಳನ್ನೂ ಅದರ ಪಕ್ಕದಲ್ಲಿ ಬರೆದರೆ ಮಾತ್ರ ಲೆಕ್ಕ ಪೂರ್ತಿ.

ಯುದ್ಧನೌಕೆಯ ಬದಲು ಸರಕು ಹಡಗು ಯಾಕೆ ಎಂಬುದಕ್ಕೆ ನೇರ ಉತ್ತರ ಇಲ್ಲೇ ಇದೆ. ಯುದ್ಧನೌಕೆಗೆ ವೇಗ ಇದೆ, ಕಾವಲಿದೆ, ಯಾವಾಗ ಹೊರಡಬೇಕೆಂದು ತಾನೇ ತೀರ್ಮಾನಿಸುತ್ತದೆ. ಸರಕು ಹಡಗು ಹೊರಡಲೇಬೇಕು, ಹೊರಟ ದಾರಿ ಗೊತ್ತಿರುವಂಥದ್ದು, ನಡಿಗೆ ನಿಧಾನ. ದ್ವೀಪದೇಶವೊಂದರ ಕಾರ್ಖಾನೆ, ಅಡುಗೆಮನೆ, ನೌಕಾಪಡೆಯ ಎಣ್ಣೆ ಟ್ಯಾಂಕು ಮೂರೂ ಅದನ್ನೇ ನಂಬಿಕೊಂಡಿರುತ್ತವೆ.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಬರುವ ‘ಗ್ರಾಸ್ ಟನ್’ ತೂಕವಲ್ಲ, ಹಡಗಿನ ಒಳಜಾಗದ ಅಳತೆ. ಆ ಕಾಲದ ಲೆಕ್ಕದಲ್ಲಿ ನೂರು ಘನ ಅಡಿಗೆ ಒಂದು ಟನ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಒಂದೇ ನಮೂನೆಯಲ್ಲಿ ಕಟ್ಟಿದ ಲಿಬರ್ಟಿ ಎಂಬ ಸರಕು ಹಡಗು, 7,176 ಗ್ರಾಸ್ ಟನ್ನಿನದು, ಸುಮಾರು 10,000 ಟನ್ ತೂಕ ಹೊರುತ್ತಿತ್ತು. ಇವೆರಡನ್ನೂ ಬೆರೆಸಿದ ಅಂಕಿಗಳು ಎಲ್ಲೆಡೆ ಓಡಾಡುತ್ತಿವೆ, ಎಚ್ಚರ ಇರಲಿ. ಕೆಳಗೆ ಮುಳುಗಡೆಯ ಲೆಕ್ಕ ಬಂದಲ್ಲೆಲ್ಲ ಗ್ರಾಸ್ ಟನ್ ಎಂದೇ ಓದಿಕೊಳ್ಳಿ.

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಇದನ್ನು ಲೆಕ್ಕಪತ್ರದ ಹಾಗೆಯೇ ಬರೆದಿಟ್ಟಿತ್ತು. ತಿಂಗಳಿಗೆ 6 ಲಕ್ಷ ಟನ್ನಿನಂತೆ ಐದು ತಿಂಗಳು ಮುಳುಗಿಸಿದರೆ ಬ್ರಿಟನ್ ಸಂಧಿಗೆ ಬರುತ್ತದೆ ಎಂದು ಅಡ್ಮಿರಲ್ ಹೋಲ್ಟ್‌ಸೆಂಡಾರ್ಫ್ 1916ರ ಡಿಸೆಂಬರಿನಲ್ಲಿ ವಾದಿಸಿದರು. 1917ರ ಫೆಬ್ರವರಿ 1ರಿಂದ ಎಚ್ಚರಿಕೆ ಕೊಡದೆ ಮುಳುಗಿಸುವ ಅನಿರ್ಬಂಧಿತ ದಾಳಿ ಶುರುವಾಯಿತು. ಏಪ್ರಿಲ್ ಒಂದೇ ತಿಂಗಳಲ್ಲಿ ಎಂಟೂವರೆ ಲಕ್ಷ ಟನ್ನಿಗೂ ಹೆಚ್ಚು ಹೋಯಿತು. ಅಂದರೆ ಗುರಿ ದಾಟಿತು, ಆದರೂ ಬ್ರಿಟನ್ ಮಣಿಯಲಿಲ್ಲ. ಲೆಕ್ಕದಲ್ಲಿ ಎರಡು ಬಾಬ್ತು ಬಿಟ್ಟುಹೋಗಿದ್ದವು. ಒಂದು, ಈ ದಾಳಿಯೇ ಅಮೆರಿಕವನ್ನು ಯುದ್ಧಕ್ಕೆ ಎಳೆದು ತಂದಿತು, ಅದೇ ಏಪ್ರಿಲ್ 6ರಂದು. ಇನ್ನೊಂದು, ಬೆಂಗಾವಲಿನೊಂದಿಗೆ ಗುಂಪಾಗಿ ಸಾಗುವ ಪದ್ಧತಿ, ಕಾನ್ವಾಯ್.

ಗುಂಪಿನ ಬಗ್ಗೆ ನಿಮಗಿರುವ ಅನುಮಾನವೇ ಆಗ ಬ್ರಿಟಿಷ್ ನೌಕಾಪಡೆಯ ದೊಡ್ಡ ತಲೆಗಳಿಗೂ ಇತ್ತು. ಜತೆಗೆ, ವಾರಕ್ಕೆ 2,500 ಹಡಗುಗಳು ಬರುತ್ತವೆ, 2,500 ಹೋಗುತ್ತವೆ, ಅಷ್ಟಕ್ಕೂ ಬೆಂಗಾವಲು ಎಲ್ಲಿಂದ ತರುವುದು ಎಂಬ ವಾದ. ಆ ಪಟ್ಟಿಯನ್ನು ಬಿಡಿಸಿ ನೋಡಿದಾಗ ದಡದುದ್ದಕ್ಕೂ ಬಂದರಿನಿಂದ ಬಂದರಿಗೆ ತಿರುಗುವ ಚಿಕ್ಕಪುಟ್ಟ ದೋಣಿಗಳೂ ಅದರಲ್ಲಿ ಸೇರಿದ್ದವು. ಸಾಗರ ದಾಟಿ ಬರುತ್ತಿದ್ದ ನಿಜವಾದ ಹಡಗುಗಳು ವಾರಕ್ಕೆ 120ರಿಂದ 140 ಮಾತ್ರ! ತಪ್ಪು ಪಟ್ಟಿಯೊಂದು ಎಷ್ಟೋ ನಾವಿಕರ ಜೀವ ತೆಗೆಯಿತು ಅಂದರೆ ಅತಿಶಯವಲ್ಲ. ಮೇ ತಿಂಗಳಲ್ಲಿ ಕಾನ್ವಾಯ್ ಶುರುವಾದ ಮೇಲೆ ಸಾಗರದ ಕಾನ್ವಾಯ್‌ಗಳಲ್ಲಿ ಮುಳುಗಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಗುಂಪು ಸುರಕ್ಷಿತ ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಾಗರದಲ್ಲಿ ಸಬ್‌ಮೆರೀನಿನ ಮೊದಲ ಕಷ್ಟ ಹೊಡೆಯುವುದಲ್ಲ, ಹುಡುಕುವುದು. ಒಂಟಿ ಹಡಗೊಂದು ಹತ್ತು ನಾಟಿಕಲ್ ಮೈಲಿ ದೂರದಿಂದ ಕಾಣುತ್ತದೆ ಅನ್ನೋಣ. 45 ಹಡಗುಗಳು ಬಿಡಿಬಿಡಿಯಾಗಿ ಹೋದರೆ ಕಡಲಿನ ಮೇಲೆ ಹತ್ತು ಮೈಲಿ ತ್ರಿಜ್ಯದ 45 ವೃತ್ತಗಳು ಹರಡಿಕೊಂಡ ಹಾಗೆ. ಸಬ್‌ಮೆರೀನ್ ಸುಮ್ಮನೆ ಕಾದರೂ ಯಾವುದಾದರೊಂದು ಅದರ ಮೇಲೆ ಹಾದೇ ಹೋಗುತ್ತದೆ. ಅದೇ 45 ಒಟ್ಟಾಗಿ ಹೋದರೆ ವೃತ್ತ ಒಂದೇ, ತ್ರಿಜ್ಯ ಹನ್ನೆರಡು ಮೈಲಿ. ಉಳಿದ ಕಡಲೆಲ್ಲ ಬರಿದು. ಕಣ್ಣಿಗೆ ಬಿದ್ದರೂ ಹತ್ತಿರ ಬಂದು ಗುರಿ ಇಡಲು ಸಿಗುವುದು ಒಂದೆರಡು ಅವಕಾಶ. ಅಷ್ಟರಲ್ಲಿ ಎರಡೋ ಮೂರೋ ಹಡಗಿಗೆ ತಗುಲಿಸಬಹುದು, ಮಿಕ್ಕವು ಮುಂದೆ ಸಾಗಿರುತ್ತವೆ.

ಇನ್ನು ಬೆಂಗಾವಲಿನ ಲೆಕ್ಕ. ಎರಡನೇ ಮಹಾಯುದ್ಧದ ಕಾನ್ವಾಯ್ ಉದ್ದನೆಯ ಸಾಲಲ್ಲ, ಅಗಲವಾದ ಚೌಕಟ್ಟು. ಅಕ್ಕಪಕ್ಕದ ಸಾಲುಗಳ ನಡುವೆ ಸುಮಾರು 900 ಮೀಟರ್, ಹಿಂದುಮುಂದಿನ ಹಡಗುಗಳ ನಡುವೆ ಸುಮಾರು 500 ಮೀಟರ್. ಒಂಬತ್ತು ಸಾಲು, ಸಾಲಿಗೆ ಐದು ಹಡಗು ಇಟ್ಟರೆ ಅಗಲ 7.2 ಕಿಲೋಮೀಟರ್, ಉದ್ದ 2 ಕಿಲೋಮೀಟರ್, ಸುತ್ತಳತೆ 18 ಕಿಲೋಮೀಟರ್ ಚಿಲ್ಲರೆ. ನೀರೊಳಗೆ ಓಡಿ ಬಡಿಯುವ ಬಾಂಬಾದ ಟಾರ್ಪಿಡೊಗೆ ಹಡಗಿನ ಮಗ್ಗುಲು ಬೇಕು, ಅದಕ್ಕಾಗಿಯೇ ಚೌಕಟ್ಟಿನ ಪಕ್ಕದ ಬದಿ ಚಿಕ್ಕದಾಗಿರುವಂತೆ ನೋಡಿಕೊಳ್ಳುತ್ತಿದ್ದರು. ಈಗ ಹಡಗುಗಳನ್ನು ಇಮ್ಮಡಿ ಮಾಡಿ: ಹದಿಮೂರು ಸಾಲು, ಸಾಲಿಗೆ ಏಳು, ಒಟ್ಟು 91. ಸುತ್ತಳತೆ 27 ಕಿಲೋಮೀಟರ್ ಆಸುಪಾಸು, ಅಂದರೆ ಒಂದೂವರೆ ಪಟ್ಟು ಮಾತ್ರ. ಕಾವಲು ಕಾಯಬೇಕಾದದ್ದು ಸುತ್ತಳತೆಯನ್ನು. ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲಾಕೆಟ್ ಅವರ ತಂಡ 1943ರ ಹೊತ್ತಿಗೆ ದಾಖಲೆಗಳನ್ನು ಸೋಸಿ ನೋಡಿದಾಗ, ದಾಳಿಗೆ ಸಿಕ್ಕ ಕಾನ್ವಾಯ್ ದೊಡ್ಡದಿರಲಿ ಚಿಕ್ಕದಿರಲಿ ಮುಳುಗುವ ಹಡಗುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಎಂದು ಕಂಡುಬಂತು. ದೊಡ್ಡ ಗುಂಪಿನಲ್ಲಿ ಪ್ರತಿ ಹಡಗಿಗೆ ಅಪಾಯ ಕಡಿಮೆ. 1944ರ ಜುಲೈನಲ್ಲಿ 160ಕ್ಕೂ ಹೆಚ್ಚು ಹಡಗುಗಳ ಒಂದು ಕಾನ್ವಾಯ್ ಅಟ್ಲಾಂಟಿಕನ್ನು ಒಂದೂ ಹಡಗು ಕಳೆದುಕೊಳ್ಳದೆ ದಾಟಿತು.

ಇದಕ್ಕೆ ತೆರುವ ಬೆಲೆಯೂ ಇದೆ, ಅದು ಟ್ರಿಪ್ಪಿನ ಲೆಕ್ಕದಲ್ಲೇ ಕಾಣುವುದು. ಎಲ್ಲ ಹಡಗುಗಳೂ ಕೂಡುವವರೆಗೆ ಕಾಯಬೇಕು, ಅತಿ ನಿಧಾನದ ಹಡಗಿನ ವೇಗಕ್ಕೆ ಎಲ್ಲರೂ ಇಳಿಯಬೇಕು, ಆಮೇಲೆ ಎಲ್ಲವೂ ಒಂದೇ ದಿನ ಬಂದರು ತಲುಪಿ ಕ್ರೇನು, ಗೋದಾಮು, ರೈಲು ವ್ಯಾಗನ್ನಿಗೆ ಜಗ್ಗಾಟ. ಅಂದರೆ ಒಂದು ಟಾರ್ಪಿಡೊ ಹಾರಿಸದೆಯೂ ಸಬ್‌ಮೆರೀನ್ ಅರ್ಧ ಕೆಲಸ ಮಾಡಿರುತ್ತದೆ.

ಈಗ ಆ ಕಾಲದ ಸಬ್‌ಮೆರೀನನ್ನೇ ಹತ್ತಿರದಿಂದ ನೋಡೋಣ. ಜರ್ಮನಿ ಅತಿ ಹೆಚ್ಚು ಕಟ್ಟಿದ 7ಸಿ ಮಾದರಿಯ ಯು-ಬೋಟ್ (ಜರ್ಮನ್ ಸಬ್‌ಮೆರೀನಿನ ಹೆಸರು) ನೀರ ಮೇಲೆ ಡೀಸೆಲ್ಲಿನಲ್ಲಿ 17 ನಾಟ್, ಅಂದರೆ ಗಂಟೆಗೆ 17 ನಾಟಿಕಲ್ ಮೈಲಿ, ದಾಟಿ ಓಡುತ್ತಿತ್ತು. ಒಳಗೆ 14 ಟಾರ್ಪಿಡೊ. ಮುಳುಗಿದರೆ ಬ್ಯಾಟರಿಯೇ ಗತಿ. ಗರಿಷ್ಠ ವೇಗ ಏಳೂವರೆ ನಾಟ್, ಅದೂ ಒಂದು ಗಂಟೆಯ ಹೊತ್ತು. 4 ನಾಟ್ ನಡಿಗೆಯಲ್ಲಿ 80 ಮೈಲಿ, ಅಂದರೆ ಇಪ್ಪತ್ತು ಗಂಟೆ. ಕಾನ್ವಾಯ್ ನಡೆಯುತ್ತಿದ್ದದ್ದು 7ರಿಂದ 9 ನಾಟ್. ಹಾಗಾಗಿ ಮುಳುಗಿದ ಯು-ಬೋಟ್ ಕಾನ್ವಾಯನ್ನು ಬೆನ್ನಟ್ಟಲಾರದು. ಅದು ಹಗಲು ದೂರದಲ್ಲಿ ನೀರ ಮೇಲೆಯೇ ಓಡಿ ಮುಂದೆ ಹೋಗಿ, ರಾತ್ರಿ ತೇಲುತ್ತಲೇ ನುಗ್ಗಬೇಕು. ಆಕಾಶದಲ್ಲಿ ಒಂದು ವಿಮಾನ ಸುಳಿದಾಡಿದರೂ ಸಾಕು, ಬೋಟು ಮುಳುಗುತ್ತದೆ, ಕಾನ್ವಾಯ್ ಕೈತಪ್ಪುತ್ತದೆ. ಆ ವಿಮಾನ ಬಾಂಬು ಹಾಕಲೇಬೇಕೆಂದಿಲ್ಲ. ಇಡೀ ಅಟ್ಲಾಂಟಿಕ್ ಕದನದ ಬೀಗದ ಕೈ ಇದು ಎಂಬುದು ನನ್ನ ಅಭಿಪ್ರಾಯ.

ಯು-ಬೋಟ್ ಪಡೆಯ ನಾಯಕ ಕಾರ್ಲ್ ಡೋನಿಟ್ಸ್ ಕೇಳಿದ್ದು 300 ಬೋಟು, ಯುದ್ಧ ಶುರುವಾದಾಗ ಇದ್ದದ್ದು 57. ಅವು ಹಿಂಡಾಗಿ ಬೇಟೆಯಾಡಿದವು. ಮೊದಲು ಕಂಡ ಬೋಟು ರೇಡಿಯೋದಲ್ಲಿ ಸುದ್ದಿ ಕಳಿಸುತ್ತ ಹಿಂಬಾಲಿಸುವುದು, ಮಿಕ್ಕವು ಬಂದು ಸೇರುವುದು. 1940ರ ಅಕ್ಟೋಬರಿನಲ್ಲಿ ಎಸ್‌ಸಿ-7 ಎಂಬ ಕಾನ್ವಾಯಿನ 35 ಹಡಗುಗಳಲ್ಲಿ 20 ಹೀಗೆ ಹೋದವು. 1942ರಲ್ಲಿ ಯು-ಬೋಟುಗಳೊಂದೇ 60 ಲಕ್ಷ ಟನ್ನಿಗೂ ಹೆಚ್ಚು ಮುಳುಗಿಸಿದವು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಡಗುಗಳು ಒಂಟಿಯಾಗಿ ಓಡಾಡುತ್ತಿದ್ದವು, ಹಿನ್ನೆಲೆಯಲ್ಲಿ ಊರುಗಳ ದೀಪ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಹಡಗಿನ ನೆರಳು ಕತ್ತರಿಸಿ ಅಂಟಿಸಿದಷ್ಟು ಸ್ಪಷ್ಟ.

1943ರ ಮಾರ್ಚಿನಲ್ಲಿ ಒಂದರ ಹಿಂದೊಂದು ಬಂದ ಎರಡು ಕಾನ್ವಾಯ್‌ಗಳಿಂದ 22 ಹಡಗು ಮುಳುಗಿದವು, ಜರ್ಮನಿ ಕಳೆದುಕೊಂಡದ್ದು ಒಂದೇ ಬೋಟು. ಎರಡೇ ತಿಂಗಳಲ್ಲಿ ಆಟ ತಿರುಗಿತು: ಮೇ ತಿಂಗಳಲ್ಲಿ 41 ಯು-ಬೋಟು ನಾಶ, 24ರಂದು ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ಹಿಂಡುಗಳನ್ನು ಹಿಂದಕ್ಕೆ ಕರೆಸಿಕೊಂಡರು. ಯಾವುದೋ ಒಂದು ಅದ್ಭುತ ಅಸ್ತ್ರ ಬಂದದ್ದರಿಂದ ಹೀಗಾಯಿತು ಎಂದು ಹೇಳುವವರನ್ನು ನಂಬಬೇಡಿ. ದೂರ ಹಾರುವ ಲಿಬರೇಟರ್ ವಿಮಾನಗಳು ಸಾಗರದ ನಡುವಿನ ಕಾವಲಿಲ್ಲದ ಜಾಗವನ್ನು ಮುಚ್ಚಿದವು. ಸೆಂಟಿಮೀಟರ್ ಅಲೆಯ ರೇಡಾರ್‌ಗೆ ರಾತ್ರಿ ತೇಲುವ ಬೋಟು ಕಾಣತೊಡಗಿತು. ಹಿಂಬಾಲಿಸುವ ಬೋಟು ರೇಡಿಯೋ ಒತ್ತಿದ ಕೂಡಲೇ ಅದು ಯಾವ ದಿಕ್ಕಿನಲ್ಲಿದೆ ಎಂದು ಬೆಂಗಾವಲು ಹಡಗಿನ ಯಂತ್ರ ತೋರಿಸುತ್ತಿತ್ತು. ಹಿಂಡಿನ ಶಕ್ತಿಯಾಗಿದ್ದ ರೇಡಿಯೋವೇ ಅದರ ಕೊರಳಿಗೆ ಬಂತು. ಜರ್ಮನಿಯ ರಹಸ್ಯ ಸಂದೇಶಗಳ ಎನಿಗ್ಮಾ ಸಂಕೇತ ಒಡೆದದ್ದರಿಂದ ಕಾನ್ವಾಯ್‌ಗಳಿಗೆ ಬೇರೆ ದಾರಿ ತೋರಿಸಲಾಗುತ್ತಿತ್ತು. ಇತ್ತ ಹಡಗುಕಟ್ಟೆಗಳಲ್ಲಿ ಅಮೆರಿಕ ಯುದ್ಧ ಮುಗಿಯುವುದರೊಳಗೆ 2,710 ಲಿಬರ್ಟಿ ಹಡಗು ಇಳಿಸಿತು.

ಆಯುಧದ ಒಂದು ಬದಲಾವಣೆ ಮಾತ್ರ ವಿವರಿಸುವಂಥದ್ದು. ಡೆಪ್ತ್ ಚಾರ್ಜ್ ಎಂಬ ಪೀಪಾಯಿ ಬಾಂಬನ್ನು ಹಡಗಿನ ಹಿಂಬದಿಯಿಂದ ಉರುಳಿಸುತ್ತಿದ್ದರು. ನೀರೊಳಗೆ ಶಬ್ದ ಕಳಿಸಿ ಪ್ರತಿಧ್ವನಿಯಿಂದ ಸಬ್‌ಮೆರೀನ್ ಹುಡುಕುವ ಆಗಿನ ಸೋನಾರ್‌ನ ಶಬ್ದಕಿರಣ ಓರೆಯಾಗಿ ಮುಂದಕ್ಕೆ ಹೋಗುವಂಥದ್ದು, ಹಾಗಾಗಿ ಕೊನೆಯ 180 ಮೀಟರಿನಷ್ಟು ದೂರದಲ್ಲಿ ಸಬ್‌ಮೆರೀನಿನ ಪ್ರತಿಧ್ವನಿ ಕಳೆದುಹೋಗುತ್ತಿತ್ತು. 14 ನಾಟ್ ವೇಗದಲ್ಲಿ ಅಷ್ಟು ದೂರಕ್ಕೆ 25 ಸೆಕೆಂಡು. ಪೀಪಾಯಿ ಸೆಕೆಂಡಿಗೆ 3 ಮೀಟರಿನಂತೆ ಇಳಿದು 100 ಮೀಟರ್ ಆಳ ಮುಟ್ಟಲು ಇನ್ನೂ 33 ಸೆಕೆಂಡು. ಸುಮಾರು ಒಂದು ನಿಮಿಷ ಕುರುಡು. ಆ ನಿಮಿಷದಲ್ಲಿ 6 ನಾಟ್ ವೇಗದ ಬೋಟು ಯಾವುದೇ ದಿಕ್ಕಿಗೆ 180 ಮೀಟರ್ ಹೊರಳಿರುತ್ತದೆ. ಒಡಲು ಒಡೆಯಬೇಕಾದರೆ ಸ್ಫೋಟ ಆರೇಳು ಮೀಟರ್ ಒಳಗೆ ಆಗಬೇಕು! ಸ್ಫೋಟಿಸಿದ ಮೇಲೆ ನೀರು ಕಲಕಿ ಸೋನಾರ್ ಕಾಲು ಗಂಟೆ ಕಿವುಡು ಬೇರೆ. ಹೆಡ್ಜ್‌ಹಾಗ್ ಎಂಬ ಹೊಸ ಆಯುಧ ಈ ಲೆಕ್ಕವನ್ನೇ ಬದಲಿಸಿತು. 24 ಚಿಕ್ಕ ಬಾಂಬುಗಳನ್ನು 200 ಮೀಟರಿಗೂ ಮುಂದಕ್ಕೆ, ಪ್ರತಿಧ್ವನಿ ಇನ್ನೂ ಕೇಳುತ್ತಿರುವಾಗಲೇ ಎಸೆಯುವುದು. ತಾಗಿದರೆ ಮಾತ್ರ ಸಿಡಿತ, ತಾಗದಿದ್ದರೆ ನೀರು ಶಾಂತ, ಮತ್ತೆ ಪ್ರಯತ್ನ. ಬ್ರಿಟಿಷರ ದಾಖಲೆಯಂತೆ ಡೆಪ್ತ್ ಚಾರ್ಜಿನ ಸುಮಾರು 60 ದಾಳಿಗೆ ಒಂದು ಬೋಟು ಸಿಕ್ಕಿದರೆ ಹೆಡ್ಜ್‌ಹಾಗ್‌ನಲ್ಲಿ ಆರು ದಾಳಿಗೆ ಒಂದು.

ಜರ್ಮನಿಯ ಸುಮಾರು 40,000 ಯು-ಬೋಟ್ ನಾವಿಕರಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಸತ್ತರು. ಆ ಅಭಿಯಾನ ಸೋತಿತು. ಹಾಗಾದರೆ ಗೆದ್ದದ್ದು? ಪೆಸಿಫಿಕ್‌ನಲ್ಲಿ ಅಮೆರಿಕದ್ದು.

ಜಪಾನ್ ಯುದ್ಧಕ್ಕೆ ಇಳಿದದ್ದೇ ಇಂಡೋನೇಷ್ಯಾ ದ್ವೀಪಗಳ ಎಣ್ಣೆಗಾಗಿ. ಎಣ್ಣೆಬಾವಿ ಕೈಗೆ ಬಂದರೆ ಸಾಲದು, ಊರಿಗೆ ಹೊತ್ತು ತರಬೇಕು. ಕೈಯಲ್ಲಿದ್ದದ್ದು ಸುಮಾರು 60 ಲಕ್ಷ ಟನ್ ವ್ಯಾಪಾರಿ ಹಡಗು, ಅದರಲ್ಲಿ ದೊಡ್ಡ ಪಾಲನ್ನು ಸೈನ್ಯ, ನೌಕಾಪಡೆ ಕಿತ್ತುಕೊಂಡಿದ್ದವು. ಯುದ್ಧದುದ್ದಕ್ಕೂ ಅಮೆರಿಕದ ಸಬ್‌ಮೆರೀನುಗಳು ಸುಮಾರು 48 ಲಕ್ಷ ಟನ್ ಮುಳುಗಿಸಿದವು, ಜಪಾನಿನ ವ್ಯಾಪಾರಿ ಹಡಗು ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು. ಇದನ್ನು ಮಾಡಿದ್ದು ಆ ನೌಕಾಪಡೆಯ ನೂರಕ್ಕೆ ಎರಡಕ್ಕಿಂತ ಕಡಿಮೆ ಜನ. ಅವರೂ 52 ಸಬ್‌ಮೆರೀನು, ಸುಮಾರು 3,500 ಜನರನ್ನು ಕಳೆದುಕೊಂಡರು. ಜಪಾನಿನ ತಪ್ಪುಗಳನ್ನು ಈಗ ಓದಿದರೂ ಆಶ್ಚರ್ಯವಾಗುತ್ತದೆ. ಬೆಂಗಾವಲಿನ ಪ್ರತ್ಯೇಕ ಕೇಂದ್ರ ಕಮಾಂಡ್ ಮಾಡಿದ್ದು 1943ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಗುಂಪುಗಳು ಚಿಕ್ಕವು, ಮೇಲಿನ ಸುತ್ತಳತೆಯ ಲಾಭವೇ ಸಿಗದಷ್ಟು. ಹಡಗುಗಳು ಮಧ್ಯಾಹ್ನ ತಾವೆಲ್ಲಿರುತ್ತೇವೆಂದು ರೇಡಿಯೋದಲ್ಲಿ ತಿಳಿಸುತ್ತಿದ್ದವು, ಆ ಸಂಕೇತವನ್ನು ಅಮೆರಿಕ ಓದುತ್ತಿತ್ತು. ತನ್ನ ಸಬ್‌ಮೆರೀನುಗಳನ್ನು ಜಪಾನ್ ಮುಖ್ಯವಾಗಿ ಯುದ್ಧನೌಕೆಗಳ ಬೇಟೆಗೇ ಮೀಸಲಿಟ್ಟಿತು.

ಆದರೂ ಅಮೆರಿಕಕ್ಕೆ ಗೆಲುವು ಎರಡು ವರ್ಷ ತಡವಾಯಿತು. ಕಾರಣ ಮಾರ್ಕ್ 14 ಎಂಬ ಟಾರ್ಪಿಡೊ. ಅದರಲ್ಲಿ ಮೂರು ದೋಷ, ಒಂದು ಇನ್ನೊಂದನ್ನು ಮರೆಮಾಡುತ್ತಿತ್ತು. ಮೊದಲನೆಯದು, ಇಟ್ಟ ಆಳಕ್ಕಿಂತ ಹತ್ತು ಅಡಿಯಷ್ಟು ಕೆಳಗೆ ಓಡುವುದು. 1942ರ ಜೂನಿನಲ್ಲಿ ಆಸ್ಟ್ರೇಲಿಯಾದ ಆಲ್ಬನಿಯಲ್ಲಿ ಮೀನುಬಲೆ ಕಟ್ಟಿ ಅದರ ಮೂಲಕ ಹಾರಿಸಿ, ತೂತಿನ ಆಳ ಅಳೆದು ಇದನ್ನು ಹಿಡಿದರು. ಎರಡನೆಯದು, ಹಡಗಿನ ಕಬ್ಬಿಣದ ಕಾಂತಕ್ಷೇತ್ರಕ್ಕೆ ಸಿಡಿಯಬೇಕಾದ ಸಾಧನ ಅಕಾಲದಲ್ಲಿ ಸಿಡಿಯುವುದು, ಇಲ್ಲವೇ ಸಿಡಿಯದೇ ಇರುವುದು. ಇವೆರಡನ್ನೂ ಬದಿಗಿಟ್ಟ ಮೇಲೆ ಮೂರನೆಯದು ಹೊರಬಿತ್ತು. 1943ರ ಜುಲೈ 24ರಂದು ಟಿನೋಸಾ ಸಬ್‌ಮೆರೀನ್ ದೊಡ್ಡ ಎಣ್ಣೆ ಹಡಗೊಂದಕ್ಕೆ 15 ಟಾರ್ಪಿಡೊ ಹಾರಿಸಿತು. ಹಡಗು ನಿಂತಿತ್ತು, ಮಗ್ಗುಲು ನೇರ ಎದುರಿಗೆ. ಬಹುಪಾಲು ಬಡಿದವು, ಸಿಡಿಯಲಿಲ್ಲ. ಕೊನೆಯ ಒಂದನ್ನು ಪರೀಕ್ಷೆಗೆಂದು ಉಳಿಸಿಕೊಂಡು ವಾಪಸ್ ತಂದರು. ಕ್ರೇನಿನಿಂದ ಉಕ್ಕಿನ ಹಲಗೆಯ ಮೇಲೆ ಬೀಳಿಸಿ ನೋಡಿದಾಗ ಗುಟ್ಟು ರಟ್ಟಾಯಿತು. ನೇರ ಲಂಬವಾಗಿ ಬಡಿದರೆ ಪೆಟ್ಟಿನ ರಭಸಕ್ಕೆ ಸಿಡಿತದ ಪಿನ್ನು ತನ್ನ ಜಾಡಿನಲ್ಲೇ ಬಿಗಿದುಕೊಳ್ಳುತ್ತಿತ್ತು. ಓರೆಯಾಗಿ ಬಡಿದರೆ ಸರಿಯಾಗಿ ಕೆಲಸ ಮಾಡುತ್ತಿತ್ತು. ಅಂದರೆ ಅತ್ಯುತ್ತಮ ಗುರಿಕಾರನಿಗೇ ಅತಿ ಹೆಚ್ಚು ಸೋಲು. ಹಗುರ ಲೋಹದ ಪಿನ್ನು ಹಾಕಿದ ಮೇಲೆ 1944ರಲ್ಲಿ ಜಪಾನಿನ ಹಡಗುಗಳು ಸಾಲುಸಾಲಾಗಿ ಮುಳುಗಿದವು, 1945ರ ಹೊತ್ತಿಗೆ ದಕ್ಷಿಣದ ಎಣ್ಣೆ ಬರುವುದೇ ನಿಂತಿತು.

ಕಾನೂನಿನ ಮಾತು ಚಿಕ್ಕದಾಗಿ. 1936ರ ಲಂಡನ್ ಪ್ರೋಟೋಕಾಲ್ ಪ್ರಕಾರ ಸರಕು ಹಡಗನ್ನು ಮುಳುಗಿಸುವ ಮೊದಲು ಅದರ ಸಿಬ್ಬಂದಿಯನ್ನು ಸುರಕ್ಷಿತ ಜಾಗಕ್ಕೆ ಸೇರಿಸಬೇಕು. ಎರಡೂ ಪಕ್ಷ ಅದನ್ನು ಮುರಿದವು. ಪೆಸಿಫಿಕ್‌ನಲ್ಲಿ ತಾವೂ ಹಾಗೆಯೇ ಮಾಡಿದೆವು ಎಂದು ಅಮೆರಿಕದ ಅಡ್ಮಿರಲ್ ನಿಮಿಟ್ಸ್ ಲಿಖಿತ ಸಾಕ್ಷ್ಯ ಕೊಟ್ಟರು. ಯುದ್ಧದ ನಂತರ ಜರ್ಮನ್ ನಾಯಕರನ್ನು ವಿಚಾರಣೆ ಮಾಡಿದ ನ್ಯೂರೆಂಬರ್ಗ್ ನ್ಯಾಯಮಂಡಳಿ ಡೋನಿಟ್ಸ್‌ಗೆ ಶಿಕ್ಷೆ ವಿಧಿಸುವಾಗ ಈ ಉಲ್ಲಂಘನೆಯನ್ನು ಆಧಾರವಾಗಿ ತೆಗೆದುಕೊಳ್ಳಲಿಲ್ಲ.

ಇದೆಲ್ಲ ದೂರದ ಕಡಲಿನ ಕಥೆ ಅನ್ನಿಸಬಹುದು. 1942ರ ನವೆಂಬರ್ 23ರಂದು, ಬೊಂಬಾಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ ತಿಲಾವಾ ಹಡಗನ್ನು ಜಪಾನಿನ ಐ-29 ಸಬ್‌ಮೆರೀನ್ ಅರಬ್ಬೀ ಸಮುದ್ರದಲ್ಲಿ ಮುಳುಗಿಸಿತು. ಸತ್ತವರು 280, ಬಹುಪಾಲು ಭಾರತೀಯರು. ಇನ್ನು ಟ್ರಿಪ್ಪಿನ ಲೆಕ್ಕ: 1943ರ ಜನವರಿಯಲ್ಲಿ ಬ್ರಿಟನ್ನಿಗೂ ಮೆಡಿಟರೇನಿಯನ್ ರಣರಂಗಕ್ಕೂ ಹಡಗು ಸಾಲದೆ ಹಿಂದೂ ಮಹಾಸಾಗರಕ್ಕೆ ಬರುವ ಹಡಗುಗಳನ್ನು ಚರ್ಚಿಲ್ ಭಾರಿ ಪ್ರಮಾಣದಲ್ಲಿ ಕಡಿದರು. ಅದೇ ವರ್ಷ ಬಂಗಾಳದಲ್ಲಿ ಕ್ಷಾಮ. ಕ್ಷಾಮಕ್ಕೆ ಕಾರಣ ಹಲವು, ಬರ್ಮಾದ ಅಕ್ಕಿ ನಿಂತದ್ದು, ಬೆಲೆ ಏರಿದ್ದು, ಸರ್ಕಾರದ ನಿರ್ಲಕ್ಷ್ಯ. ಆದರೆ ಧಾನ್ಯ ಕಳಿಸಿ ಎಂದಾಗ ಲಂಡನ್ನಿನಿಂದ ಬಂದ ಉತ್ತರ ಹಡಗಿಲ್ಲ ಎಂಬುದೇ. ಮುಳುಗಿದವರ ಪಟ್ಟಿಯಲ್ಲಿ ಆ ಹಸಿದವರ ಹೆಸರು ಎಂದೂ ಬರುವುದಿಲ್ಲ.

ಈಗ ನಮ್ಮೂರು. ಬೆಂಗಳೂರಿನ ಪೆಟ್ರೋಲು, ಡೀಸೆಲ್ಲಿನ ಒಂದು ದೊಡ್ಡ ಪಾಲು ಮಂಗಳೂರಿನಿಂದ ಹಾಸನದ ಮೇಲೆ ಹೊಸಕೋಟೆ ಬಳಿಯ ದೇವನಗೊಂದಿಗೆ 360 ಕಿಲೋಮೀಟರ್ ದಾಟುವ ಪೈಪಿನಲ್ಲಿ ಬರುತ್ತದೆ. ಪೈಪಿನ ಆ ತುದಿಯಲ್ಲಿ ಎಂಆರ್‌ಪಿಎಲ್ ಸಂಸ್ಕರಣಾಗಾರ, ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲದ ಸಾಮರ್ಥ್ಯ, ದಿನಕ್ಕೆ ಸುಮಾರು 41,000 ಟನ್. ಅದಕ್ಕಾಚೆ ಕಡಲು.

ಒಂದು ಅಂದಾಜು ಲೆಕ್ಕ ಹಾಕೋಣ. ಅಷ್ಟೂ ತೈಲ 2.7 ಲಕ್ಷ ಟನ್ ಹೊರುವ ಭಾರಿ ಟ್ಯಾಂಕರುಗಳಲ್ಲೇ ಪರ್ಷಿಯನ್ ಕೊಲ್ಲಿಯಿಂದ ಬರುತ್ತದೆ ಅನ್ನಿ. ವರ್ಷಕ್ಕೆ ಸುಮಾರು 56 ಟ್ರಿಪ್ ಬೇಕು. ಹೋಗಲು ಐದು ದಿನ, ಬರಲು ಐದು, ತುಂಬಲು, ಇಳಿಸಲು ಎರಡೆರಡು, ಒಟ್ಟು 14 ದಿನದ ಸುತ್ತು. ಒಂದು ಹಡಗು ವರ್ಷಕ್ಕೆ 26 ಟ್ರಿಪ್ ಹೊಡೆಯುತ್ತದೆ, ಎರಡು ಹಡಗಿನಲ್ಲಿ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಕೊಲ್ಲಿಯ ಬಾಯಿಯಾದ ಹಾರ್ಮುಜ್ ಜಲಸಂಧಿಯ ಹೊರಗೆ ಸಬ್‌ಮೆರೀನ್ ಇದೆ ಎಂಬ ಸುದ್ದಿಗೆ ಪ್ರತಿ ಸುತ್ತಿನಲ್ಲಿ ಬೆಂಗಾವಲಿಗಾಗಿ ಐದು ದಿನ ಕಾಯಬೇಕಾಯಿತು ಅಂದುಕೊಳ್ಳಿ. ಸುತ್ತು 19 ದಿನವಾಯಿತು, ಟ್ರಿಪ್ಪು 19ಕ್ಕೆ ಇಳಿಯಿತು, ಎರಡು ಹಡಗಿನ ಕೆಲಸಕ್ಕೆ ಮೂರು ಬೇಕಾಯಿತು. ಟಾರ್ಪಿಡೊ ಒಂದೂ ಹಾರಿಲ್ಲ. ಎಲ್ಲ ದೇಶಗಳೂ ಒಟ್ಟಿಗೇ ಮೂರನೇ ಹಡಗು ಹುಡುಕಲು ಹೊರಟಾಗ ಬಾಡಿಗೆ, ಯುದ್ಧವಿಮೆಯ ಕಂತು ಎಲ್ಲಿಗೆ ಏರುತ್ತದೆ ಎಂದು ಹೇಳಬೇಕಾಗಿಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ಕ್ಷಿಪಣಿ, ಡ್ರೋನ್ ಭಯಕ್ಕೆ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹತ್ತು ಹನ್ನೆರಡು ದಿನ ಹೆಚ್ಚು ನಡೆದದ್ದು ಇದೇ ಲೆಕ್ಕ, ಆಯುಧ ಮಾತ್ರ ಬೇರೆ.

1945ರ ನಂತರ ಸರಕು ಹಡಗುಗಳ ಮೇಲೆ ಅಂಥ ದೊಡ್ಡ ಸಬ್‌ಮೆರೀನ್ ಅಭಿಯಾನ ನಡೆದಿಲ್ಲ, ಹಾಗಾಗಿ ಹಳೆಯ ಪಾಠಗಳನ್ನು ಹಾಗೆಯೇ ಎತ್ತಿಡಬಾರದು. ಅಣುಶಕ್ತಿಯ ಸಬ್‌ಮೆರೀನ್ ಮುಳುಗಿಯೇ 20 ನಾಟ್ ದಾಟಿ ಓಡಬಲ್ಲದು, ವಿಮಾನ ಕಂಡರೆ ಹಿಂದೆ ಬೀಳುವ ಕಷ್ಟ ಅದಕ್ಕಿಲ್ಲ. ಡೀಸೆಲ್ಲಿನದಕ್ಕೆ ಬ್ಯಾಟರಿಯ ಮಿತಿ ಈಗಲೂ ಇದೆ. ನಮ್ಮ ಕಡಲಿನದೇ ಒಂದು ತೊಡಕೂ ಉಂಟು. ಬಿಸಿಲಿಗೆ ಮೇಲ್ಪದರದ ನೀರು ಕಾದು ಕೆಳಗಿನದು ತಣ್ಣಗಿರುವಾಗ ಶಬ್ದದ ಅಲೆ ತಣ್ಣನೆಯ ಕಡೆಗೆ, ಅಂದರೆ ಕೆಳಕ್ಕೆ ಬಾಗುತ್ತದೆ. ಬೆಳಿಗ್ಗೆ ದೂರದವರೆಗೆ ಕೇಳುತ್ತಿದ್ದ ಸೋನಾರ್‌ಗೆ ಮಧ್ಯಾಹ್ನ ಹತ್ತಿರದ್ದೂ ಸಿಗದೆ ಹೋಗಬಹುದು. ಕೊಚ್ಚಿಯ ರಕ್ಷಣಾ ಪ್ರಯೋಗಾಲಯ ಎನ್‌ಪಿಒಎಲ್ ವಿನ್ಯಾಸ ಮಾಡಿ ಬೆಂಗಳೂರಿನ ಬಿಇಎಲ್ ತಯಾರಿಸುವ ಹಡಗಿನ ಸೋನಾರ್‌ಗಳಿಗೂ ಈ ಭೌತಶಾಸ್ತ್ರದಿಂದ ವಿನಾಯಿತಿ ಇಲ್ಲ. ಅದಕ್ಕೇ ಸೋನಾರನ್ನು ಹಗ್ಗದಲ್ಲಿ ಆ ಪದರದ ಕೆಳಗಿಳಿಸಿ ಎಳೆಯುವ ವ್ಯವಸ್ಥೆ, ಜತೆಗೆ ಸಬ್‌ಮೆರೀನ್ ಹುಡುಕುವ ಪಿ-8ಐ ವಿಮಾನ, ಹೆಲಿಕಾಪ್ಟರ್ ಬೇಕಾಗುತ್ತವೆ.

ಕಾಯುವ ದಿನಗಳನ್ನು ತಾಳಿಕೊಳ್ಳಲು ದಡದಲ್ಲಿರುವುದು ದಾಸ್ತಾನು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಬಂಡೆ ಕೊರೆದು ಮಾಡಲಾಗಿದೆ. ಎರಡೂ ತುಂಬಿದ್ದು, ಅಷ್ಟನ್ನೂ ಎಂಆರ್‌ಪಿಎಲ್ ಒಂದಕ್ಕೇ ಬಿಟ್ಟರೆ ಪೂರ್ಣ ಸಾಮರ್ಥ್ಯದಲ್ಲಿ 97 ದಿನ ನಡೆಯುತ್ತದೆ. ಆದರೆ ಆ ಗುಹೆಗಳು ಇಡೀ ದೇಶದ ದಾಸ್ತಾನು, ಯಾವಾಗಲೂ ತುಂಬಿರುವುದೂ ಇಲ್ಲ. ಹಾಗಾಗಿ ಬೆಂಗಳೂರಿನ ಪಾಲಿಗೆ ಅದಕ್ಕಿಂತ ಬಹಳ ಕಡಿಮೆ ದಿನ ಎಂದೇ ಲೆಕ್ಕ ಇಟ್ಟುಕೊಳ್ಳಿ.